ಮಂಕಿ ಕ್ಯಾಪಿನ ಬಡವ

ಪರದೇಶದಲ್ಲಿ ಒಂಟಿಯಾಗಿರುವವನ ಮನೆಗೆ ಜನ ಬರುವುದಿಲ್ಲ, ಫಜೀತಿಗಳು ಮಾತ್ರ ವಿಳಾಸ ಕೇಳಿಕೊಂಡು ಬರುತ್ತಲೇ ಇರುತ್ತವೆ. ಜೂಟರ್‌ಮೀರ್ ಎಂಬ ಡಚ್ ಊರಿನ ನನ್ನ ಫ್ಲ್ಯಾಟಿಗೆ ಬಂದ ಕೆಲವನ್ನು ಹೇಳುತ್ತೇನೆ. ಮುಕ್ಕಾಲು ಪಾಲು ನಿಜ.

೧. ಟೊಪ್ಪಿ

ಆಗ ನನಗೆ ಹತ್ತಿರದ ಊರು ರೈಸ್‌ವೈಕಿನ ಆಫೀಸಿನಲ್ಲಿ, ಎರಡು ಸಾವಿರನೇ ಇಸವಿ ಬಂದಾಗ ಕಂಪ್ಯೂಟರುಗಳಿಗೆ ಬುದ್ಧಿ ಕೆಡದಂತೆ ನೋಡಿಕೊಳ್ಳುವ ಕೆಲಸ. ಹೆಂಡತಿ, ಮಕ್ಕಳು ಮೈಸೂರಿನಲ್ಲಿ. ಸಂಬಳ ಚೆನ್ನಾಗಿಯೇ ಇತ್ತು, ಆದರೂ ಹೀಟರ್ ಹಾಕುತ್ತಿರಲಿಲ್ಲ. ರೂಮಿನಲ್ಲಿ ಒಬ್ಬರೇ ಇದ್ದರೆ ಫ್ಯಾನ್ ಆರಿಸುವ ವಂಶ ನಮ್ಮದು. ಭಾನುವಾರದ ಫೋನಿನಲ್ಲಿ ಹೆಂಡತಿ ಬೈಯುತ್ತಿದ್ದಳು.

"ಹೀಟರ್ ಹಾಕ್ಕೊಳ್ರೀ."

"ಒಬ್ಬನಿಗೋಸ್ಕರ ಇಡೀ ಮನೆ ಕಾಯಿಸೋದಾ?"

"ಒಬ್ಬರಿಗೇ ಕಣ್ರೀ ಚಳಿ ಜಾಸ್ತಿ."

ಸಂಜೆಯಾದರೆ ಮಂಕಿ ಕ್ಯಾಪ್, ಶಾಲು, ಕಿಟಕಿ ಪಕ್ಕದ ಕುರ್ಚಿ. ಅಲ್ಲಿ ಯಾರೂ ಪರದೆ ಎಳೆಯುವುದಿಲ್ಲ, ನಾನೂ ಎಳೆಯಲಿಲ್ಲ. ಎದುರು ಮನೆಯ ಅಜ್ಜಿ ಎರಡು ಚಳಿಗಾಲ ನನ್ನನ್ನು ಟೀವಿಯಂತೆ ನೋಡಿದರು. ಒಮ್ಮೆ ಕೈ ಬೀಸಿದೆ. ಹೂಕುಂಡ ಸರಿಸಿ ಅಡ್ಡ ಇಟ್ಟುಕೊಂಡರು.

೨. ಗಂಟೆ

ಒಂದು ಗುರುವಾರ ಬಾಗಿಲ ಗಂಟೆ ಹೊಡೆಯಿತು. ಹೊರಗೆ ಒಬ್ಬ ಹೆಂಗಸು, ಕೈಯಲ್ಲಿ ಕಂಬಳಿ. ಬಡ ಕುಟುಂಬಗಳ ಹೀಟಿಂಗ್ ಬಿಲ್ಲಿಗೆ ನೆರವು ಕೊಡಿಸುವ ಸ್ವಯಂಸೇವಕಿಯಂತೆ. ನಮ್ಮ 'ಸಾರ್' ಅಲ್ಲಿ 'ಮೆನೇರ್'.

"ಮೆನೇರ್, ನಿಮಗೆ ಹೀಟಿಂಗ್ ಬಿಲ್ ಕಟ್ಟೋದು ಕಷ್ಟ ಅಂತ ಎದುರು ಮನೆಯವರು ಹೇಳಿದರು. ನಾಚಿಕೊಳ್ಳಬೇಡಿ."

ತಪ್ಪು ತಿಳಿದಿದ್ದೀರಿ ಎನ್ನಲು ಬಾಯಿ ತೆರೆದೆ. ಆದರೆ ಅದಕ್ಕೆ ಮುಂಚೆ ಆ ಗಂಟೆ ಒತ್ತಿದ್ದವನು ಒಬ್ಬನೇ, ಪಕ್ಕದ ಮನೆಯ ಪಿಟ್ಸಾ ತಂದು ಬಾಗಿಲು ತಪ್ಪಿದವನು. "ಒಳಗೆ ಬನ್ನಿ" ಎಂದುಬಿಟ್ಟೆ.

ಫಿಲ್ಟರ್ ಕಾಫಿ ಕೊಟ್ಟೆ. ಆ ಊರಲ್ಲಿ ಕಾಫಿಗೆ ಒಂದೇ ಬಿಸ್ಕತ್ತು ಕೊಟ್ಟು ಡಬ್ಬ ಮುಚ್ಚುತ್ತಾರೆ. ನಾನು ಡಬ್ಬವನ್ನೇ ಮುಂದಿಟ್ಟೆ. ಆಕೆಯ ಕಣ್ಣು ತೇವವಾಯಿತು. "ಇಷ್ಟು ಕಷ್ಟದಲ್ಲೂ..." ಎನ್ನುತ್ತಾ ನಾಲ್ಕು ತಿಂದರು.

೩. ಪಟ್ಟಿ

ಮುಂದಿನ ಗುರುವಾರ ಬಂದು, ಗಾಳಿ ನುಗ್ಗದಂತೆ ಕಿಟಕಿ ಸಂದಿಗೆ ಸ್ಪಂಜಿನ ಪಟ್ಟಿ ಅಂಟಿಸಿದರು. ಅದರ ಮುಂದಿನ ಗುರುವಾರ ಬಾಗಿಲಿಗೆ. ಅರಮನೆ ಆನೆ ನಮ್ಮಜ್ಜನ ಛತ್ರಿ ನುಂಗಿದ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕರು. ಸಂದಿಗಳು ಮುಗಿಯುತ್ತಾ ಬಂದವು. ಹಾಗಾಗಿ ಬುಧವಾರಗಳಂದು ನಾನೇ ಒಂದೆರಡು ಪಟ್ಟಿ ಕಿತ್ತಿಡುತ್ತಿದ್ದೆ.

ಕೊನೆಗೆ ಕೇಳಿಯೇಬಿಟ್ಟರು: "ನೆರವಿಗೆ ಅರ್ಜಿ ಬರೀಬೇಕು. ನಿಮ್ಮ ಸಂಬಳ ಎಷ್ಟು?"

ಹೇಳಿದರೆ ನನ್ನ ಗುರುವಾರ ಹೋಗುತ್ತದೆ. ಹೇಳದಿದ್ದರೆ ಯಾರೋ ನಿಜವಾದ ಬಡವನ ಪಾಲು ನನಗೆ ಬರುತ್ತದೆ. ಹೇಳಿದೆ.

ಆಕೆ ಎದ್ದು, ಪಟ್ಟಿಗಳನ್ನೆಲ್ಲ ಕಿತ್ತು, ಸುತ್ತಿ, ಚೀಲಕ್ಕೆ ಹಾಕಿಕೊಂಡರು. ಬಾಗಿಲಲ್ಲಿ ನಿಂತು ಕೇಳಿದರು:

"ಮೊದಲ ದಿನವೇ ಯಾಕೆ ಹೇಳಲಿಲ್ಲ?"

"ನೀವು ಗಂಟೆ ಒತ್ತಿದಿರಿ."

ಆಕೆ ಡೈರಿ ತೆಗೆದರು. "ಗುರುವಾರ ಏಳೂವರೆ. ಹೀಟರ್ ಹಾಕಿರಬೇಕು. ಆ ಟೊಪ್ಪಿ ಇರಬಾರದು."

ಹೋಗುವಾಗ, ಕೊಟ್ಟಿದ್ದ ಕಂಬಳಿಯನ್ನೂ ಒಯ್ಯಲು ಮರೆಯಲಿಲ್ಲ.

೪. ಕಳ್ಳ

ಗುರುವಾರ ಹೀಟರ್ ಹಾಕಿ, ಟೊಪ್ಪಿ ತೆಗೆದು, ಇಸ್ತ್ರಿ ಅಂಗಿಯಲ್ಲಿ ಕಿಟಕಿಗೆ ಕೂತೆ. ಏಳೂವರೆಗೆ ಮೊದಲೇ ಗಂಟೆ. ಇಬ್ಬರು ಪೊಲೀಸರು.

"ಇಲ್ಲಿದ್ದ ಬಡವರು ಎಲ್ಲಿ? ಅವರ ಕುರ್ಚಿಯಲ್ಲಿ ಯಾರೋ ಬೋಳುತಲೆಯವನು ಕೂತಿದ್ದಾನೆ ಅಂತ ಎದುರಿನ ಅಜ್ಜಿ ಫೋನ್ ಮಾಡಿದರು."

ಅಷ್ಟರಲ್ಲಿ ಸ್ವಯಂಸೇವಕಿಯೂ ಬಂದರು. "ಇವರೇನಾ ಅವರು?" ಎಂದು ಪೊಲೀಸರು ಕೇಳಿದರು. ಆಕೆ ನನ್ನ ತಲೆಯನ್ನು ಮುಂದಿನಿಂದಲೂ ಹಿಂದಿನಿಂದಲೂ ಪರೀಕ್ಷಿಸಿ, "ಕಾಫಿ ಕುಡಿದು ಹೇಳ್ತೀನಿ" ಎಂದರು.

ಡಬ್ಬ ಖಾಲಿಯಾಯಿತು. ಆ ಮನೆಯಲ್ಲಿ ಅಷ್ಟು ಜನ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಆಮೇಲೆ ಎಲ್ಲರೂ ಹೋದರು. ಒಬ್ಬನಿಗ್ಯಾಕೆ ಎಂದು ಹೀಟರ್ ಆರಿಸಿ, ಟೊಪ್ಪಿ ಹಾಕಿಕೊಂಡು ಕಿಟಕಿಗೆ ಕೂತೆ. ಎದುರಿನ ಅಜ್ಜಿ ಹೂಕುಂಡ ಸರಿಸಿ, ಮೊದಲ ಸಲ ಕೈ ಬೀಸಿದರು. ಆ ಬೋಳ ತೊಲಗಿ ಮನೆಯವನು ವಾಪಸ್ ಬಂದನಲ್ಲ ಎಂದು, ಪಾಪ, ಅವರಿಗೆ ಸಮಾಧಾನ.