ಕೆಂಚನ ತುರಿಕೆ

ಕೆಂಚನೆಂಬ ಕುದುರೆ ಮೈ ತುರಿಸಿಕೊಂಡ ರಭಸಕ್ಕೆ, ಸಿಲ್ವರ್ ಮರಕ್ಕೆ ಹಬ್ಬಿದ್ದ ಮೆಣಸಿನ ಬಳ್ಳಿ ಬುಡಸಮೇತ ಕೆಳಗೆ ಬಂತು. ಬಂದದ್ದು ಕಾಫಿ ಎಸ್ಟೇಟಿನ ಮಾಲೀಕ ಹರ್ಷವರ್ಧನ ಅವರ ಕಣ್ಣೆದುರಿಗೇ.

"ಯಶವಂತ, ಸಂಜೆ ನಾನು ಬರೋ ಹೊತ್ತಿಗೂ ಇದು ತುರಿಸ್ಕೊಳ್ತಿದ್ರೆ ಯಾರಿಗಾದ್ರೂ ಕೊಟ್ಬಿಡ್ತೀನಿ ನೋಡಿ," ಎಂದು ಅವರು ಜೀಪು ಹತ್ತಿದರು.

ತೋಟದ ಲೆಕ್ಕ ಬರೆಯುವ ರೈಟರ್ ಯಶವಂತ ಬಿದ್ದ ಬಳ್ಳಿಯನ್ನು ಬಿಟ್ಟು ಕೆಂಚನ ಹತ್ತಿರ ಓಡಿದ. ಎಸ್ಟೇಟಿನ ಹೋಂಸ್ಟೇಗೆ ಬಂದವರ ಸವಾರಿಗೆಂದು ತಂದಿದ್ದ ಕುದುರೆ ಅದು. ಅಷ್ಟು ದೊಡ್ಡ ಜೀವ ಅಂಗೈಯಿಂದ ಬೆಲ್ಲ ತಿನ್ನುವಾಗ ತುಟಿ ಅಷ್ಟು ಮೆತ್ತಗಿರುವುದು ಹೇಗೆ ಎಂಬ ಬೆರಗು ಅವನಿಗಿನ್ನೂ ಹೋಗಿರಲಿಲ್ಲ.

ಪಶುವೈದ್ಯರಿಗೆ ಫೋನ್ ಮಾಡಿದ. "ನುಸಿ ಕಚ್ಚಿ ಹಾಗಾಗತ್ತೆ. ನಾಳೆ ಬರ್ತೀನಿ. ಅಲ್ಲಿವರೆಗೆ ಏನೂ ಹಚ್ಬೇಡಿ," ಎಂದರು.

ಅಷ್ಟರಲ್ಲಿ ಅಡುಗೆಯ ಅಣ್ಣಮ್ಮ ಬೇವಿನ ಸೊಪ್ಪು ಕುದಿಸಿದ ನೀರು ತಂದಾಗಿತ್ತು. "ಡಾಕ್ಟ್ರಿಗೇನು ಗೊತ್ತು ಮಾರಾಯ? ನನ್ನ ಮಕ್ಳ ಕಜ್ಜಿಯೆಲ್ಲ ಇದ್ರಲ್ಲೇ ಹೋಗಿದ್ದು." ಮೈಗೆ ಸುರಿಯುವಾಗ ಒಂದು ಹನಿ ನಾಲಿಗೆಗೆ ತಾಗಿದ್ದೇ ಕೆಂಚ, ಸಕ್ಕರೆ ಹಾಕದ ಕಾಫಿ ಕುಡಿದ ನೆಂಟರ ಹಾಗೆ ಮುಖ ಮಾಡಿತು.

"ಬರೀ ಬೇವಾದ್ರೆ ಚರ್ಮ ಒಣಗತ್ತೆ," ಎನ್ನುತ್ತ ಪಕ್ಕದ ತೋಟದ ತಂಗಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ತಂದರು. ಕೆಂಚ ಮದುವಣಗಿತ್ತಿಯಂತೆ ಹಳದಿಯಾಯಿತು. "ಉರಿ ಇಳೀಬೇಕಲ್ಲ ರೈಟ್ರೇ," ಎಂದು ಆಳುಗಳ ಮೇಸ್ತ್ರಿ ಚನ್ನಕೇಶವ ಅದರ ಮೇಲೆ ಲೋಳೆಸರ ಬಳಿದ. ಡಾಕ್ಟರ ಮಾತು ನೆನೆಯುತ್ತಲೇ ಯಶವಂತ ಮೂವರಿಗೂ ಕುದುರೆಯ ಹಗ್ಗ ಹಿಡಿದುಕೊಟ್ಟ.

ಆ ವಾಸನೆಗೆ ಇಡೀ ಬಣಕಲ್ ಊರಿನ ನೊಣಗಳೆಲ್ಲ ಊಟದ ಕರೆ ಬಂದವರಂತೆ ಮುತ್ತಿದವು. ಕೆಂಚ ಹಗ್ಗ ಕಿತ್ತುಕೊಂಡು ಕಾಫಿಗಿಡಗಳ ಸಾಲಿನಲ್ಲಿ ಓಡಿತು. ಯಶವಂತ ಹಿಂದೆ ಓಡಿದ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಕುದುರೆ ಕೆರೆಯಂಚಿನ ಕೆಸರಿನಲ್ಲಿ ನಿಂತು, ಮೂಸಿ, ಮೆಲ್ಲನೆ ಮಂಡಿಯೂರಿತು. ಆಮೇಲೆ ನಾಲ್ಕೂ ಕಾಲು ಆಕಾಶಕ್ಕೆತ್ತಿ ಹೊರಳಿತು. ಎದ್ದಾಗ ಮೈಯೆಲ್ಲ ಮಣ್ಣು. ನೊಣಗಳು ಬಂದವು, ಒಂದು ಸುತ್ತು ಹಾಕಿ ಹೊರಟುಹೋದವು. ಅರ್ಧ ಗಂಟೆ ಕಳೆದರೂ ಕೆಂಚ ತುರಿಸಿಕೊಳ್ಳಲಿಲ್ಲ.

ಹಿಂದೆಯೇ ಬಂದಿದ್ದ ಮೂವರೂ ತಮ್ಮ ತಮ್ಮ ಪಾತ್ರೆಗಳನ್ನು ಕೆಳಗಿಟ್ಟರು. ಅಣ್ಣಮ್ಮ ಕೈಮುಗಿದರು. "ಅದಕ್ಕೇ ಗೊತ್ತಿತ್ತಲ್ಲಪ್ಪ. ನಾವ್ಯಾರೂ ಕೇಳ್ಲಿಲ್ಲ."

ಸಂಜೆ ಒಣಗಿದ ಮಣ್ಣು ಕೊಡವಿದಾಗ, ಕೆಳಗಿನ ಮೈ ಆಗಷ್ಟೇ ಹುರಿದ ಕಾಫಿಬೀಜದಂತೆ ಹೊಳೆಯಿತು. ಯಶವಂತ ಉಸಿರಾಡುವುದನ್ನೇ ಮರೆತು ನೋಡುತ್ತಿದ್ದ. ಅಷ್ಟರಲ್ಲಿ ಜೀಪು ಬಂತು, ಹಿಂದೆ ಒಂದು ಪಿಕಪ್. ಹರ್ಷವರ್ಧನ ಅವರ ಜೊತೆ ಇಳಿದ ಕಳಸದ ಪ್ಲಾಂಟರೊಬ್ಬರು ಕೆಂಚನನ್ನು ಕಂಡದ್ದೇ ಟೋಪಿ ತೆಗೆದರು. ಇಬ್ಬರೂ ಬದಿಗೆ ಹೋಗಿ ಏನೋ ಮಾತಾಡಿಕೊಂಡರು.

"ಭೇಷ್, ಯಶವಂತ," ಎಂದು ಬಂದರು ಹರ್ಷವರ್ಧನ. "ಅವರು ಇದನ್ನ ಕಳಸಕ್ಕೆ ಕರ್ಕೊಂಡು ಹೋಗ್ತಾರಂತೆ."

"ತುರಿಸ್ಕೊಂಡ್ರೆ ಕೊಡ್ತೀನಿ ಅಂದಿದ್ರಲ್ಲ, ಸಾರ್?"

"ತುರಿಸ್ಕೊಂಡಿದ್ರೆ ಯಾರು ತಗೊಳ್ತಿದ್ರು ಮಾರಾಯ?"

ಯಶವಂತ ಕೆಂಚನ ಕೊರಳನ್ನು ತಬ್ಬಿಕೊಂಡ. ಆಗ ಪಿಕಪ್ಪು ಗಡಗಡ ಅಲುಗತೊಡಗಿತು. ಒಳಗೊಂದು ಬಿಳಿ ಕುದುರೆ, ಕೆಂಚನಿಗಿಂತ ಗೇಣುದ್ದ ಎತ್ತರ, ಅಲ್ಲಲ್ಲಿ ಕೂದಲುದುರಿದ ಮೈಯನ್ನು ಕಂಬಿಗೆ ಉಜ್ಜುತ್ತಿತ್ತು.

"ಬದಲಿಗೆ ಕೊಡೋಣ ಅಂತ ಅವರದ್ದನ್ನ ಜೊತೆಗೇ ತಂದಿದ್ರು," ಎಂದರು ಹರ್ಷವರ್ಧನ. "ಎರಡು ವರ್ಷದಿಂದ ಯಾವ ಡಾಕ್ಟ್ರಿಂದಲೂ ವಾಸಿಯಾಗಿಲ್ವಂತೆ. ನಮ್ಮ ರೈಟ್ರು ಒಂದೇ ದಿನದಲ್ಲಿ ಮಾಡ್ತಾರೆ ಅಂತ ಹೇಳಿದೀನಿ."