ಕೈಗವಸು ಕೊಡೋಕೆ ಹಾಡು ಯಾಕೆ?

ನನ್ನ ಸೋದರಮಾವನಷ್ಟು ಸಿನಿಮಾ ಹುಚ್ಚಿನ ಮನುಷ್ಯ ಇಡೀ ಚಿತ್ರದುರ್ಗ ಜಿಲ್ಲೆಯಲ್ಲಿ ಇನ್ನೊಬ್ಬರಿಲ್ಲ. ಅವರು ಮನಸ್ಸಿಟ್ಟು ನೋಡಿರುವುದು ಒಂದೇ ಸಿನಿಮಾ! ನಗಬೇಡಿ. ಹುಚ್ಚು ಅಂದರೆ ನೂರಾರು ನೋಡಲೇಬೇಕು ಅಂತ ಎಲ್ಲಿ ಬರೆದಿದೆ? "ಎಷ್ಟು ಸಲ ನೋಡಿದೀರಿ ಮಾವ?" ಎಂದು ಕೇಳಿದರೆ, "ನೋಡ್ತಾ ಇದೀನಿ ಕಣವ್ವ, ಇನ್ನೂ ಮುಗಿದಿಲ್ಲ" ಅನ್ನುತ್ತಾರೆ.

ಅದು ಹಾಲಿವುಡ್‌ನ ಹಳೆಯ ಕಪ್ಪು-ಬಿಳುಪು ಚಿತ್ರ. ಮಾವ ಹೊಸದುರ್ಗದ ದನದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಾಗ, ಬಾಡಿಗೆ ಮನೆಯ ಯಜಮಾನರ ಟಿವಿಯಲ್ಲಿ ಅಕಸ್ಮಾತ್ತಾಗಿ ಕಣ್ಣಿಗೆ ಬಿದ್ದದ್ದು. ಮಾವನ ಇಂಗ್ಲಿಷ್ ಔಷಧದ ಬಾಟಲಿಯ ಮೇಲಿನ ಚೀಟಿಯಿಂದಾಚೆ ಹೋದದ್ದಲ್ಲ. ಆದರೂ ಕಥೆ ಪೂರ್ತಿ ತಿಳಿಯಿತಂತೆ. ಗಂಡ ಹೆಂಡತಿ ಜಗಳವಾಡಿ ಬೇರೆಯಾಗಿರುತ್ತಾರೆ. ಅವಳಿಗೆ ಇನ್ನೊಂದು ಮದುವೆ ಗೊತ್ತಾಗುತ್ತದೆ. ಮದುವೆಯ ಹಿಂದಿನ ದಿನ ಈ ಹಳೇ ಗಂಡ ಕರೆಯದೇ ಬಂದು ಕೂರುತ್ತಾನೆ. ಕೊನೆಗೆ ಅವಳು ಮೆಟ್ಟಿಲಿಳಿದು ಬರುವಾಗ ಕೈಗವಸು ಕೆಳಗೆ ಬೀಳುತ್ತದೆ. ಅವನು ಎತ್ತಿ ಕೊಡುತ್ತಾನೆ. ಒಂದು ಮಾತಿಲ್ಲ. ಅವಳು ಅವನ ಮುಖ ನೋಡುತ್ತಾಳೆ. ಅಷ್ಟೇ, ಹೊಸ ಮದುವೆ ಮುರಿದುಬಿತ್ತು, ಹಳೆಯದು ಕೂಡಿತು!

ಈ ಕಥೆಯನ್ನು ಮಾವ ಹೇಳದ ಊರಿಲ್ಲ. ಒಮ್ಮೆ ಆದಿವಾಲದ ಹತ್ತಿರ ಕುರಿಗಳಿಗೆ ಲಸಿಕೆ ಹಾಕಲು ಹೋದವರು, ಸಿರಿಂಜು ಕೈಯಲ್ಲಿ ಹಿಡಿದುಕೊಂಡೇ ಕುರಿಗಾಹಿಗೆ ಶುರುಮಾಡಿದರು. ಆತ ಎಲ್ಲವನ್ನೂ ಶ್ರದ್ಧೆಯಿಂದ ಕೇಳಿ, "ಬಿಟ್ಟೋದ ಗಂಡ ಮದುವೆ ಮನಿಗೆ ಬಂದ್ರೆ ಹಿಡ್ಕಂಡು ಬಡಿಯೋರು ಯಾರೂ ಇರ್ಲಿಲ್ವೇನ್ ಸಾ?" ಎಂದನಂತೆ.

"ಅದು ಬಡಿಯೋ ಸಿನಿಮಾ ಅಲ್ಲಪ್ಪ."

"ಹಂಗಾರೆ ಸೂಜಿ ಹಾಕ್ರಿ ಸಾ, ಕುರಿ ಒದ್ದಾಡ್ತಾವೆ."

ನಿವೃತ್ತಿಯಾಗಿ ಚಿತ್ರದುರ್ಗದಲ್ಲಿ ಮನೆ ಮಾಡಿದ ಮೇಲೆ, ಅವರಿಗೆ ಆ ಚಿತ್ರವನ್ನು ಹುಡುಕಿ ಪೆನ್‌ಡ್ರೈವಿಗೆ ಹಾಕಿಕೊಟ್ಟವಳು ನಾನೇ. ಅಲ್ಲಿಗೆ ಸುಮ್ಮನಿರಬಾರದಿತ್ತೇ? ಅದೇ ಕಥೆಯನ್ನು ಹಾಲಿವುಡ್‌ನವರು ಮುಂದೆ ಬಣ್ಣ ತುಂಬಿ, ಹಾಡು ಕುಣಿತ ಸೇರಿಸಿ ಮತ್ತೊಮ್ಮೆ ತೆಗೆದಿದ್ದಾರೆಂದು ಗೊತ್ತಾಯಿತು. ಒಂದು ಭಾನುವಾರ ನಾನಿರುವ ಹಿರಿಯೂರಿನಿಂದ ಬಸ್ಸು ಹತ್ತಿ, ಅದನ್ನೂ ತಂದು ಹಾಕಿದೆ.

ಹಳೆಯ ಚಿತ್ರ ಹಾಕಿದಾಗಲೆಲ್ಲ ಅಡುಗೆಮನೆ ಸೇರುತ್ತಿದ್ದ ನಮ್ಮತ್ತೆ, ಮೊದಲ ಹಾಡು ಕಿವಿಗೆ ಬಿದ್ದದ್ದೇ ಸೌಟು ಹಿಡಿದುಕೊಂಡೇ ಬಂದು ಕುಳಿತರು. ಮಾವನ ಮುಖ ಮಾತ್ರ ಬಿಗಿಯುತ್ತಾ ಹೋಯಿತು. ಕೊನೆಗೆ ಆ ಮೆಟ್ಟಿಲು ಬಂತು. ಕೈಗವಸು ಬಿತ್ತು. ಹಳೇ ಗಂಡ ಅದನ್ನು ಎತ್ತಿಕೊಂಡವನು ಕೊಡಬೇಕೋ ಬೇಡವೋ? ಇಲ್ಲ! ಅದನ್ನು ಎದೆಗೊತ್ತಿಕೊಂಡು ಹಾಡತೊಡಗಿದ. ಕಂಬದ ಹಿಂದಿನಿಂದ, ಬಾಗಿಲ ಸಂದಿಯಿಂದ ಒಂದು ದಂಡೇ ಬಂದು ಅವನ ಜೊತೆ ಕುಣಿಯಿತು.

ಮಾವ ಎದ್ದು ನಿಂತರು. "ಒಂದು ಕೈಗವಸು ಕೊಡೋಕೆ ಇಷ್ಟು ಜನ ಯಾಕೆ ಬೇಕು? ಹಾಡು ಯಾಕೆ ಬೇಕು?"

ಅತ್ತೆ ಟಿವಿಯಿಂದ ಕಣ್ಣು ಕೀಳದೆ, "ನೀವು ಒಬ್ರೇ ಇದ್ದೂ, ಸುಮ್ನಿದ್ದೂ, ಬಿದ್ದಿದ್ದು ಏನಾದ್ರೂ ಎತ್ಕೊಟ್ಟಿದೀರೇನ್ರೀ?" ಅಂದರು.

ಅಂದಿನಿಂದ ಮನೆಯಲ್ಲಿ ಎರಡು ಪಕ್ಷಗಳಾದವು. ಮಾವ ಜೋಗಿಮಟ್ಟಿ ಕಡೆ ಬೆಳಗಿನ ವಾಕಿಂಗ್ ಹೋಗುವ ಗೆಳೆಯರನ್ನೆಲ್ಲ ತಮ್ಮ ಕಡೆ ಎಳೆಯಲು ನೋಡಿದರು. ಅವರು ಎರಡನ್ನೂ ನೋಡಿ, ಒಬ್ಬೊಬ್ಬರಾಗಿ ಅತ್ತೆಯ ಪಕ್ಷಕ್ಕೆ ಹಾರಿದರು. ಅತ್ತೆಯ ಪಕ್ಷದಲ್ಲಿ ಹಾಡಿನ ಜೊತೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯೂ ಇತ್ತಲ್ಲ!

ಮಾವ ಸೋಲೊಪ್ಪಲಿಲ್ಲ. ಭೀಮಸಮುದ್ರದಲ್ಲಿ ನೆಂಟರ ಮದುವೆ. ಆರತಕ್ಷತೆಗೆ ಆರ್ಕೆಸ್ಟ್ರಾ ಇತ್ತು. ಮದುಮಗಳು ವೇದಿಕೆಯ ಮೆಟ್ಟಿಲು ಹತ್ತುವ ಹೊತ್ತಿಗೆ ಮಾವ ನೇರವಾಗಿ ಹಾಡುಗಾರನ ಬಳಿ ಹೋಗಿ, "ಏನಪ್ಪ, ಈ ಸೀನಿಗೆ ಹಾಡು ಬ್ಯಾಡ, ನಿಲ್ಸು" ಅಂದರು. ಇವರ ಗತ್ತು ನೋಡಿ ಹೆಣ್ಣಿನ ತಂದೆಯೇ ಇರಬೇಕೆಂದು ಅವನು ಗಪ್ಪನೆ ನಿಲ್ಲಿಸಿಬಿಟ್ಟ. ಇಡೀ ಛತ್ರ ನಿಶ್ಶಬ್ದ. ಹಾಡಿನ ಅಬ್ಬರದಲ್ಲಿ ಪಕ್ಕದವರ ಕಿವಿಗೆ ಕೂಗಿ ಹೇಳುತ್ತಿದ್ದ ಅತ್ತೆಯ ಮಾತು ಆ ನಿಶ್ಶಬ್ದದಲ್ಲಿ ಮೊಳಗಿತು: "ಮದುಮಗನ ತಲೆಕೂದ್ಲು ಒರಿಜಿನಲ್ ಅಲ್ವಂತೆ!"

ಊಟವನ್ನೂ ಮಾಡದೆ ನಾವು ಮೂವರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅತ್ತೆ ಕಿಟಕಿಯಾಚೆ ನೋಡುತ್ತಿದ್ದರೆ, ಮಾವ ನನ್ನ ಕಡೆ ಬಾಗಿ, "ನೋಡ್ದೇನವ್ವ, ಮೌನದಾಗೆ ಎಷ್ಟು ವಿಷಯ ತಿಳೀತೈತೆ!" ಅಂದರು.

ಹೋದ ವರ್ಷ ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನೋಡಿಕೊಳ್ಳಲು ನಾನೂ ಹೋಗಿ ಉಳಿದೆ. ಒಂದು ಕಣ್ಣಿಗೆ ಪಟ್ಟಿ. ಇನ್ನೊಂದು ಕಣ್ಣಿಗೂ ಪೊರೆ ಬಂದು, ಎದುರಿಗೆ ನಿಂತವರು ಯಾರೆಂದೇ ಗೊತ್ತಾಗುತ್ತಿರಲಿಲ್ಲ. ದಿನವಿಡೀ ಮಾತಾಡುತ್ತಿದ್ದ ಹೆಂಗಸು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟರು. "ಹಿಂಗೇ ಕತ್ತಲೆ ಉಳಿದ್ರೆ ಏನ್ ಗತಿ?" ಅನ್ನುವುದೊಂದೇ ಮಾತು. ಡಾಕ್ಟರು ಧೈರ್ಯ ಹೇಳಿದರೂ, ನಾನು ಹೇಳಿದರೂ ಅವರ ಹೆದರಿಕೆ ಹೋಗಲಿಲ್ಲ. ಊಟವೂ ಅಷ್ಟಕ್ಕಷ್ಟೆ.

ಒಂದು ಮಧ್ಯಾಹ್ನ ನಾನು ಕಾಫಿ ಸೋಸುತ್ತಿದ್ದೆ. ನಡುಮನೆಯಿಂದ ಆ ಹಾಡಿನ ಸಿನಿಮಾದ ಸದ್ದು ಬಂತು. ಮಾವ ತಾವಾಗಿಯೇ ಅದನ್ನು ಹಾಕಿದ್ದರು! ಲೋಟ ಹಿಡಿದು ಬಾಗಿಲ ಬಳಿ ಬಂದವಳು ಅಲ್ಲೇ ನಿಂತೆ. ಮಾವ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು, ಪರದೆಯ ಮೇಲೆ ಕಾಣುವುದನ್ನೆಲ್ಲ ಅತ್ತೆಗೆ ಬಿಡಿಸಿ ಹೇಳುತ್ತಿದ್ದರು.

"ನಿಮ್ಮ ಹಳೇ ಸಿನಿಮಾ ಬಿಟ್ಟು ಇದನ್ಯಾಕೆ ಹಾಕಿದ್ರಿ?" ಅತ್ತೆ ಗೋಡೆ ಕಡೆಯಿಂದಲೇ ಕೇಳಿದರು.

"ಅದ್ರಾಗೆ ನಿನಗೆ ಕೇಳಾಕೆ ಏನೈತೆ? ಕಣ್ಣು ಕಟ್ಟಿರೋವಾಗ ಇದೇ ಸೈ." ಮಾವ ಗಂಟಲು ಸರಿಮಾಡಿಕೊಂಡರು. "ಈಗ ಆಕೆ ಮೆಟ್ಟಿಲಿಳಿದು ಬರ್ತಾ ಐದಾಳೆ ನೋಡು. ಹಸಿರು ಸೀರೆ ಉಟ್ಟಾಳೆ."

"ಇಂಗ್ಲಿಷ್‌ನೋಳಿಗೆ ಸೀರೆ ಎಲ್ಲಿಂದ ಬಂತ್ರೀ?"

"ಉಟ್ಟಾಳೆ ಅಂದೆನಲ್ಲ. ಹಸಿರು ಸೀರೆ, ಕುಂಕುಮ ಬಣ್ಣದ ಅಂಚು. ಹೆಗಲ ಮ್ಯಾಲೆ ಸೆರಗು ನಿಲ್ಲವಲ್ದು, ಹೆಜ್ಜೆಗೊಂದ್ಸಲ ಎಳ್ಕಂತಾಳೆ. ಮದುವಿಗೆ ಮುಂಚೆ, ನಮ್ಮನೆ ನೋಡಾಕೆ ಅಂತ ನಿಮ್ಮಪ್ಪನ ಜೊತೆ ಹೊಳಲ್ಕೆರೆ ಬಸ್‌ಸ್ಟ್ಯಾಂಡ್‌ನಾಗೆ ಇಳಿದ್ಯಲ್ಲ, ಥೇಟ್ ಹಂಗೇ."

ಅತ್ತೆ ಮೆಲ್ಲಗೆ ಈ ಕಡೆ ಹೊರಳಿದರು. "ನೀವೆಲ್ಲಿ ನೋಡಿದ್ರಿ? ನೀವು ಮನೇಲಿದ್ರಲ್ಲ?"

"ಟೀ ಅಂಗಡಿ ತಾವ ನಿಂತಿದ್ದೆ. ಮನಿಗೆ ಆಮೇಲೆ ಓಡಿ ಬಂದೆ."

"ಇಷ್ಟು ವರ್ಷ ಒಂದಿನನಾದ್ರೂ ಹೇಳಿದ್ರಾ?"

"ಹೇಳೋದೇನೈತೆ, ನಿನಗೆ ಗೊತ್ತಿರ್ತೈತೆ ಅನ್ಕಂಡಿದ್ದೆ."

ಟಿವಿಯಲ್ಲಿ ಆ ದಂಡು ಕುಣಿಯುತ್ತಲೇ ಇತ್ತು. ಅತ್ತೆಗೆ ಅಷ್ಟು ಇಷ್ಟವಾದ ಹಾಡು ಏರುತ್ತಾ ಹೋಗುತ್ತಿತ್ತು. ಅವರು ಕೈಚಾಚಿ ಗಾಳಿಯಲ್ಲಿ ತಡಕಾಡಿದರು. ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರ ಎಳೆದುಕೊಂಡು ತಮ್ಮ ಕೈ ಕೊಟ್ಟರು.

"ಆ ಸೌಂಡು ಸ್ವಲ್ಪ ಕಡಿಮೆ ಮಾಡ್ರಿ" ಅಂದರು ಅತ್ತೆ. "ಬಸ್ಸಿಳಿದ ಮೇಲೆ ಆಕೆ ಏನ್ ಮಾಡಿದ್ಲು, ಹೇಳ್ರಿ."