ಕುರಿ ಇಲ್ಲದ ಊರು

ಎಲ್ಲ ಕೆಟ್ಟಿದ್ದು ಇಸ್ತ್ರಿ ಮಾಡಿದ ಆ ಬಿಳಿ ಅಂಗಿಯಿಂದ. ಅದನ್ನು ತೊಟ್ಟು, ಕೊರಳಿಗೆ ಕಾರ್ಡು, ಕೈಗೆ ಟ್ಯಾಬು ಸಿಕ್ಕಿಸಿಕೊಂಡು ಕನ್ನಡ-ತೆಲುಗು ಗಡಿಯ ಬ್ರಹ್ಮಸಮುದ್ರದಾಚೆಯ ಹಳ್ಳಿಯಲ್ಲಿ ಬಸ್ಸಿಳಿದ ಕೊಟ್ರೇಶ್, ಕುರಿ ಸರ್ವೆಯ ಹುಡುಗನಂತಲ್ಲ, ಜಪ್ತಿಗೆ ಬಂದ ಸಾಹೇಬನಂತೆ ಕಂಡ.

ಇವತ್ತಿನ ಇಪ್ಪತ್ತು ಮನೆಯ ಸರ್ವೆ ಪಾಸಾದರೆ ಕೆಲಸ ಪರ್ಮನೆಂಟು. ಆದರಷ್ಟೇ ಚಂದ್ರಕಲಾಳ ಅಪ್ಪ ಮದುವೆಗೆ ಹೂಂ ಅನ್ನುವುದು. ಇರುವುದು ಒಂದೇ ಪೋಸ್ಟು. ಅದಕ್ಕೆ ಕಣ್ಣಿಟ್ಟ ಇನ್ನೊಬ್ಬ ನರೇಂದ್ರ ಹಿಂದೂಪುರದ ಕಡೆ ಸರ್ವೆಗೆ ಹೋಗಿದ್ದ.

ಮೊದಲ ಮನೆ ಕರಿಸಿದ್ದಪ್ಪನದು. ಪಕ್ಕದ ಮನೆಯ ನಿರ್ಮಲಮ್ಮ ಕರೆಯದೆಯೇ ಬಂದು ಜಗಲಿ ಹತ್ತಿದಳು.

"ಕುರಿ ಎಲ್ಲೈತೆ ಸಾಮಿ ನಮ್ಗೆ," ಎಂದ ಕರಿಸಿದ್ದಪ್ಪ. ಹಿತ್ತಲಲ್ಲಿ ಮೂವತ್ತು ಗಂಟಲು ಒಟ್ಟಿಗೆ ಅರಚಿದವು.

"ಅವು?"

"ನೆಂಟರವು."

"ಹಬ್ಬಕ್ಕೆ ಬಂದವೆ," ಎಂದಳು ನಿರ್ಮಲಮ್ಮ.

ಹನ್ನೊಂದು ಮನೆ ಮುಗಿದರೂ ಟ್ಯಾಬಿನಲ್ಲಿ ಬರೀ ಸೊನ್ನೆ. ರೇಗಿದ ಕೊಟ್ರೇಶ್ ಟೀ ಅಂಗಡಿಯಲ್ಲಿ ನಿಂತು, ಯಾರ ಕುರಿಯನ್ನೂ ಯಾರೂ ಒಯ್ಯುವುದಿಲ್ಲ, ಮುಂದೆ ಕುರಿ ಇದ್ದವರಿಗೆ ಶೆಡ್ಡು ಕೊಟ್ಟರೂ ಕೊಟ್ಟಾರು ಎಂದುಬಿಟ್ಟ.

ಊಟದ ಹೊತ್ತಿಗೆ ಊರಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲರ ಮನೆಯಲ್ಲೂ ಐವತ್ತು, ಎಂಬತ್ತು. ಬೆನ್ನಿಗೆ ನೀಲಿ ಬಳಿದ, ಕಿವಿ ಹರಿದ ಟಗರೊಂದು ಐದು ಮನೆಯಲ್ಲಿ ಸಿಕ್ಕಿತು. ಮೂರನೆಯ ಮನೆಯಲ್ಲಿ ಅದು ಅವನ ಗುರುತು ಹಿಡಿಯಿತು; ಐದನೆಯದಕ್ಕೆ ಅವನಿಗಿಂತ ಮೊದಲೇ ಹೋಗಿ ನಿಂತಿತ್ತು.

ಸುಳ್ಳು ಬರೆಯಲು ಕೊಟ್ರೇಶನ ಮನಸ್ಸು ಒಪ್ಪಲಿಲ್ಲ. ಸಂಜೆ ಊರಿನ ಕುರಿಗಳೆಲ್ಲ ಬೋರಿನ ತೊಟ್ಟಿಗೆ ನೀರಿಗೆ ಬಂದಾಗ ಗೋಡೆ ಹತ್ತಿ ಕೂತು, ಮನೆಮನೆಯವರು ಗುರುತಿಗೆ ಬಳಿದ ಬೆನ್ನಿನ ಬಣ್ಣ ನೋಡಿ ಮನೆವಾರು ಎಣಿಸತೊಡಗಿದ, ಅದೂ ಗಟ್ಟಿಯಾಗಿ. ಕರಿಸಿದ್ದಪ್ಪ ಎದೆ ಬಡಿದುಕೊಂಡು ಓಡಿಬಂದ.

"ಬಾಯ್ಬಿಟ್ಟು ಎಣಿಸ್ಬ್ಯಾಡ ಕಣ್ಲಾ. ಎಣಿಸಿದ ಮಂದೆ ಉಳಿಯಲ್ಲ."

ಕೊಟ್ರೇಶ್ ನಿಲ್ಲಿಸಲಿಲ್ಲ. ಇನ್ನೂರ ಹನ್ನೆರಡು. ಬೆಳಗಿನ ಸೊನ್ನೆಗಳನ್ನೆಲ್ಲ ತಿದ್ದಿ, ಗೆದ್ದವನಂತೆ ಬಸ್ಸು ಹತ್ತಿದ.

ಕಲ್ಯಾಣದುರ್ಗದ ಆಫೀಸಿನಲ್ಲಿ ನರೇಂದ್ರ ಆಗಲೇ ಬಂದು ಕೂತಿದ್ದ. ಸೂಪರ್‌ವೈಸರ್ ತಿಪ್ಪೇಸ್ವಾಮಿ ಪರೀಕ್ಷೆಗೆಂದು ಟ್ಯಾಬಿನಲ್ಲಿ ಬರೆದಿದ್ದ ನಂಬರು ನೋಡಿ ಕರಿಸಿದ್ದಪ್ಪನಿಗೆ ಫೋನು ಮಾಡಿ, ಸ್ಪೀಕರ್ ಹಾಕಿ, ಸರ್ವೆಯವರು ಬಂದಿದ್ದರೇ ಎಂದು ತೆಲುಗಿನಲ್ಲಿ ಕೇಳಿದ.

"ಎವ್ವರೂ ರಾಲೇದು ಸಾಮಿ," ಎಂದ ಕರಿಸಿದ್ದಪ್ಪ. ಅನುಮಾನ ಉಳಿಯಬಾರದೆಂದು ಕನ್ನಡದಲ್ಲೂ ಹೇಳಿದ. "ಯಾರೂ ಬಂದಿಲ್ಲ."

ಹಿಂದೆ ಮಂದೆ ಅರಚುತ್ತಿತ್ತು. ಇಪ್ಪತ್ತು ಮನೆಯವರೂ ಅದನ್ನೇ ಹೇಳಿದರು. ಬಸ್ಸು ಹೊರಟ ಮೇಲೆ ನಿರ್ಮಲಮ್ಮ ಊರಿಗೆ ಪರಿಹಾರ ಹೇಳಿದ್ದಳು: ಎಣಿಸಿದೋನು ಬಂದೇ ಇಲ್ಲ ಅಂದ್ಬುಟ್ರೆ ಎಣಿಕೆ ತಟ್ಟಲ್ಲ.

ನರೇಂದ್ರ ಹಿಂದೂಪುರಕ್ಕೆ ಮೊದಲೇ ಸಿಗುವ ಪರಿಗಿ ದಾಟಿಯೇ ಇರಲಿಲ್ಲ. ಹೋಟೆಲಿನಲ್ಲಿ ಕೂತು ಇಪ್ಪತ್ತು ಮನೆಯ ಲೆಕ್ಕ ತುಂಬಿ, ತನ್ನ ಮಾವ, ಅತ್ತೆ, ಭಾವಂದಿರ ನಂಬರು ಬರೆದಿದ್ದ. ಅವರೆಲ್ಲ ಒಂದೇ ಬಾಯಲ್ಲಿ ಹೇಳಿದರು: ಬಂದಿದ್ದ, ಬೋ ಒಳ್ಳೆ ಹುಡುಗ. ಪೋಸ್ಟು ಅವನದಾಯಿತು.

"ಕೂತ್ಕೊಂಡು ಬರೆಯೋರ್ನ ಕಂಡ್ರೆ ನಂಗಾಗಲ್ಲ," ಎಂದು ತಿಪ್ಪೇಸ್ವಾಮಿ ಕೊಟ್ರೇಶನಿಗೆ ಬುದ್ಧಿ ಹೇಳಿ, ಕೆಲಸ ಬಿಡುವವರು ತುಂಬಬೇಕಾದ ಫಾರಂ ಟ್ಯಾಬಿನಲ್ಲಿ ತೆಗೆದುಕೊಟ್ಟ. ಬೇರೆ ಕೆಲಸಕ್ಕೆ ಬೇಕಾದ ಅನುಭವ ಪತ್ರ ಇನ್ನೂ ತಿಪ್ಪೇಸ್ವಾಮಿಯ ಜೇಬಿನಲ್ಲೇ ಇತ್ತು.

ಮೊದಲ ಪ್ರಶ್ನೆ: ನಿಮ್ಮ ಮೇಲಧಿಕಾರಿ ಹೇಗೆ? ಭಯವಿಲ್ಲದೆ ಉತ್ತರಿಸಿ.

ತಿಪ್ಪೇಸ್ವಾಮಿ ಅವನ ಹೆಗಲ ಮೇಲೆ ಗಲ್ಲವಿಟ್ಟು ನೋಡುತ್ತಿದ್ದ. ಕೊಟ್ರೇಶ್ 'ಅತ್ಯುತ್ತಮ' ಒತ್ತಿದ.